14 ರಾತ್ರಿ ಕ್ರೂಸ್, ಹುಬ್ಬಳ್ಳಿ ವಿಮಾನದಾಗ 15 ಕೆಜಿ: ಏನು ಒಯ್ಯಬೇಕು, ಏನು ಬಿಡಬೇಕು?

ಕೇಶ್ವಾಪುರ, ಹುಬ್ಬಳ್ಳಿ

ನಮಸ್ಕಾರ್ರಿ ಎಲ್ಲಾರಿಗೂ. ಅಕ್ಟೋಬರ್‌ನಾಗ ನಮ್ಮ ಮನೆಯವರು ಮತ್ತ ನಾನು ಬಾರ್ಸಿಲೋನಾದಿಂದ 14 ರಾತ್ರಿಯ ಕ್ರೂಸ್‌ಗೆ ಹೊಂಟೀವಿ. ಹುಬ್ಬಳ್ಳಿ–ಬೆಂಗಳೂರು ಇಂಡಿಗೋ ಟಿಕೆಟ್. ಬೆಂಗಳೂರಿಂದ ದುಬೈ ಮ್ಯಾಲೆ ಬಾರ್ಸಿಲೋನಾಕ್ಕ ಬ್ಯಾರೆ ಟಿಕೆಟ್, ಅದರಾಗ ತಲಾ 30 ಕೆಜಿ ಬರದಾರ. ಹುಬ್ಬಳ್ಳಿ ವಿಮಾನದಾಗ ಮಾತ್ರ 15 ಕೆಜಿ ಅಷ್ಟ. ಹಡಗಿನಾಗ ಎರಡು ರಾತ್ರಿ ಫಾರ್ಮಲ್ ಡ್ರೆಸ್ ಅಂತ ಹೇಳ್ಯಾರ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ಒಯ್ಯೂ ವಿಚಾರನೂ ಐತಿ. ಮನ್ಯಾಗ 28 ಇಂಚಿನ ಎರಡು ಗಟ್ಟಿ ಸೂಟ್‌ಕೇಸ್ ಅದಾವು. ಎಲ್ಲಿಂದ ಶುರು ಮಾಡ್ಬೇಕು, ತಿಳಿದೋರು ಹೇಳ್ರಿ.

ಸಪ್ತಾಪುರ, ಧಾರವಾಡ

ಅಕ್ಕಾರ, ಹಡಗಿನ ಕಡೆಯಿಂದ ತೂಕದ ತೊಂದರೆ ಇಲ್ಲ. ರಾಯಲ್ ಕೆರಿಬಿಯನ್ ಎಂಬ ಕ್ರೂಸ್ ಕಂಪನಿಯ ನಿಯಮದಲ್ಲಿ ಒಬ್ಬರಿಗೆ 200 ಪೌಂಡ್, ಅಂದರೆ ಸುಮಾರು 90 ಕೆಜಿ ತನಕ ಅವಕಾಶ ಇದೆ. ನಿಮ್ಮ ಕೈ ಕಟ್ಟುವುದು ಹುಬ್ಬಳ್ಳಿಯಿಂದ ಬೆಂಗಳೂರಿನ ಒಂದು ತಾಸಿನ ಹಾರಾಟ ಮಾತ್ರ.

ಎರಡೂ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಸಾಮಾನ್ಯವಾಗಿ ಅಂತರರಾಷ್ಟ್ರೀಯ ಮಿತಿಯೇ ಮೊದಲ ವಿಮಾನಕ್ಕೂ ನಡೆಯುತ್ತದೆ, ಸಾಮಾನು ನೇರ ಬಾರ್ಸಿಲೋನಾಕ್ಕೆ ಹೋಗುತ್ತದೆ. ನಿಮ್ಮದು ಬೇರೆ ಬೇರೆ ಟಿಕೆಟ್. ಹಾಗಾಗಿ ಹುಬ್ಬಳ್ಳಿ ಕೌಂಟರ್‌ನಲ್ಲಿ ದೇಶೀಯ ನಿಯಮ: ಚೆಕ್-ಇನ್ 15 ಕೆಜಿ, ಕೈಚೀಲ 7 ಕೆಜಿ, ಕೈಚೀಲದ ಅಳತೆ 55 × 35 × 25 ಸೆಂ.ಮೀ. ಒಳಗೆ. ಬೆಂಗಳೂರಿನಲ್ಲಿ ಸಾಮಾನು ನೀವೇ ಇಳಿಸಿಕೊಂಡು, ಟರ್ಮಿನಲ್ 1ರಿಂದ ಟರ್ಮಿನಲ್ 2ಕ್ಕೆ ಹೋಗಿ ಮತ್ತೊಮ್ಮೆ ತೂಗಿಸಬೇಕು. ನಡುವೆ ಕನಿಷ್ಠ 5 ತಾಸು ಇಟ್ಟುಕೊಳ್ಳಿ. ಮೊದಲ ವಿಮಾನ ತಡವಾದರೆ ಎರಡನೆಯ ಕಂಪನಿ ಕಾಯುವುದಿಲ್ಲ, ಹಡಗಂತೂ ಕಾಯುವುದೇ ಇಲ್ಲ. ಹಡಗು ಹೊರಡುವ ಹಿಂದಿನ ದಿನವೇ ಬಾರ್ಸಿಲೋನಾದಲ್ಲಿ ಇರುವಂತೆ ನೋಡಿಕೊಳ್ಳಿ.

ದಾರಿ ಮೂರು. ಒಂದು, ಬೆಂಗಳೂರಿಗೆ ರೈಲಿನಲ್ಲಿ ಹೋಗುವುದು. ಎಸಿ ಮೂರನೇ ದರ್ಜೆ ಮತ್ತು ಎಸಿ ಚೇರ್ ಕಾರ್‌ನಲ್ಲಿ ಒಬ್ಬರಿಗೆ 40 ಕೆಜಿ, ಎಸಿ ಎರಡನೇ ದರ್ಜೆಯಲ್ಲಿ 50 ಕೆಜಿ ಉಚಿತ. ಧಾರವಾಡದಿಂದ 2023ರ ಜೂನ್‌ನಲ್ಲಿ ಶುರುವಾದ ವಂದೇ ಭಾರತ್ ಇದೆ, ರಾಣಿ ಚನ್ನಮ್ಮದಂಥ ರಾತ್ರಿ ರೈಲೂ ಇದೆ. ಹೀಗೆ ಹೋದರೆ 30 ಕೆಜಿ ಪೂರ್ತಿ ಕೈಗೆ ಸಿಗುತ್ತದೆ. ಎರಡು, ಹೆಚ್ಚುವರಿ ತೂಕವನ್ನು ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳುವುದು. ಕೌಂಟರ್‌ನಲ್ಲಿ ಕೆಜಿ ಲೆಕ್ಕದಲ್ಲಿ ಕಟ್ಟುವುದಕ್ಕಿಂತ ಇದು ಅಗ್ಗ. ಮೂರು, 15ರೊಳಗೆ ಮುಗಿಸುವುದು.

ನನ್ನ ಸಲಹೆ ರೈಲು.

ಬೆಟಗೇರಿ, ಗದಗ

ಸಪ್ತಾಪುರದ ಸರ್ ಹೇಳಿದ ಲೆಕ್ಕ ಬರೋಬ್ಬರಿ ಐತಿ, ಆದ್ರ ಕಡೀಮಾತಿಗೆ ನನ್ನ ಒಪ್ಪಿಗಿ ಇಲ್ರಿ. 30 ಕೆಜಿ ಸಿಕ್ತು ಅಂದ್ರ 30 ತುಂಬಸ್ತೀವಿ. ಆಮ್ಯಾಲೆ ಬಾರ್ಸಿಲೋನಾದಾಗ ಹೋಟೆಲಿಗೆ, ಹೋಟೆಲಿಂದ ಬಂದರಕ್ಕ ಅದನ್ನ ಎಳಿಯೋರು ಯಾರು? ಬಾಲ್ಕನಿ ಇಲ್ಲದ ಒಳಗಿನ ಕ್ಯಾಬಿನ್ ಅಂದ್ರ ಮಂಚದ ಸುತ್ತ ಓಡಾಡಾಕ ಒಂದು ಹೆಜ್ಜಿ ಜಾಗ. ಸೂಟ್‌ಕೇಸ್ ಮಂಚದ ಕೆಳಗ ತಳ್ಳಬೇಕಾಗ್ತೈತಿ.

15 ಕೆಜಿ ಒಳಗ 14 ರಾತ್ರಿ ಆರಾಮ ಆಗ್ತೈತಿ. ಮೊದಲ ಆ ಗಟ್ಟಿ ಸೂಟ್‌ಕೇಸ್ ಬಿಡ್ರಿ ಅಕ್ಕಾರ. 28 ಇಂಚಿನದು ಖಾಲಿ ಇದ್ದಾಗನ 4ರಿಂದ 4.8 ಕೆಜಿ ತೂಗ್ತೈತಿ. ನಾಲ್ಕೂವರಿ ಅಂತ ಹಿಡೀರಿ, 15ರಾಗ ಸೇಕಡಾ 30 ಬರೇ ಪೆಟ್ಟಿಗಿಗೇ ಹೋತು. ಅದ ಬಟ್ಟಿ ಮೈಯ, ಎರಡು ಗಾಲಿಯ 24–26 ಇಂಚಿನ ಬ್ಯಾಗ್ ತಗೊಂಡ್ರ 2.5ರಿಂದ 3 ಕೆಜಿ. ಇನ್ನೊಂದು ಫರಕ್: ಗಟ್ಟಿ ಪೆಟ್ಟಿಗಿ ನಡುವ ಸೀಳಿ ಎರಡು ಹೋಳಾಗಿ ಬಿಚ್ಚತೈತಿ, ಕ್ಯಾಬಿನ್‌ನಾಗ ಅಷ್ಟು ಜಾಗ ಇರಂಗಿಲ್ಲ. ಮ್ಯಾಲಿನ ಮುಚ್ಚಳ ಅಷ್ಟ ತಗಿಯೂ ಬ್ಯಾಗ್ ಆದ್ರ ಮಂಚದ ಕೆಳಗಿಂದ ಅರ್ಧ ಎಳದು ಕೈ ಹಾಕಬಹುದು.

ವಿದ್ಯಾನಗರ, ಹುಬ್ಬಳ್ಳಿ

ವ್ಯಾಕ್ಯೂಮ್ ಬ್ಯಾಗ್‌ನಲ್ಲಿ ಬಟ್ಟೆ ಹಾಕಿದರೆ ತೂಕ ಹಿಡಿತಕ್ಕೆ ಬರೋದಿಲ್ವಾ?

ಬೆಟಗೇರಿ, ಗದಗ

ಗಾಳಿ ಹೋಗ್ತೈತಿ, ಬಟ್ಟಿ ತೂಕ ಅಷ್ಟ ಇರ್ತೈತಿ. ಜಾಗ ಉಳೀತು ಅಂತ ಇನ್ನ ನಾಕು ಬಟ್ಟಿ ತುರಕ್ತೀವಿ, 15 ಹೋಗಿ 18 ಆಗ್ತೈತಿ. ದಪ್ಪ ಸ್ವೆಟರ್ ಒಂದಕ್ಕ ಬೇಕಂದ್ರ ಕೈಲೆ ಸುತ್ತಿ ಗಾಳಿ ಬಿಡೂ ನಮೂನಿದು ಇರಲಿ. ಪಂಪ್ ಬೇಕಾಗೂದು ಬ್ಯಾಡ, ವಾಪಸ್ ಬರೂಮುಂದ ಹಡಗಿನಾಗ ಪಂಪ್ ಎಲ್ಲಿ ಸಿಗಬೇಕು.

ರಾಣೆಬೆನ್ನೂರು

ತೂಕದ ಮಾತಿಗೆ ಇದನ್ನು ಸೇರಿಸುತ್ತೇನೆ. ಕೊಕ್ಕೆಯ ಡಿಜಿಟಲ್ ತಕ್ಕಡಿ (50 ಕೆಜಿ ತನಕದ್ದು) ಕೊಂಡುಕೊಳ್ಳಿ, ಆದರೆ ಕೊಂಡ ದಿನವೇ ಪರೀಕ್ಷೆ ಮಾಡಿ. ಒಡೆಯದ 10 ಕೆಜಿ ಅಕ್ಕಿ ಚೀಲ ನೇತುಹಾಕಿ ನೋಡಿದರೆ ಸಾಕು. 200 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲು ಸೆಲ್ ಬದಲಿಸಿ, ಸೆಲ್ ಕುಂದಿದಾಗ ಅಂಕಿ ಅಲುಗಾಡುತ್ತದೆ. ಬ್ಯಾಗ್ ಎತ್ತಿದಾಗ ಕೈ ನಡುಗಿದರೂ ತಪ್ಪು ಬರುತ್ತದೆ. ಬಾಗಿಲ ಚೌಕಟ್ಟಿನ ಗಟ್ಟಿ ಕೊಕ್ಕೆಗೆ ನೇತುಹಾಕಿ, ಅಂಕಿ ನಿಂತ ಮೇಲೆ ಓದಿ. ಮನೆಯ ತೂಕಕ್ಕೂ ಕೌಂಟರ್ ತೂಕಕ್ಕೂ ನಡುವೆ ಅರ್ಧದಿಂದ ಒಂದು ಕೆಜಿ ಬಿಟ್ಟುಕೊಳ್ಳಿ. ಮನೆಯಲ್ಲಿ 14.2 ಬಂದರೆ ಸಮಾಧಾನ.

ಇಬ್ಬರೂ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಒಟ್ಟಿಗೆ ಕೌಂಟರ್‌ಗೆ ಹೋಗಿ. ಒಬ್ಬರದು 16, ಇನ್ನೊಬ್ಬರದು 13.5 ಇದ್ದರೆ ಸಾಮಾನ್ಯವಾಗಿ ಸೇರಿಸಿ ಲೆಕ್ಕ ಹಿಡಿಯುತ್ತಾರೆ. ಆದರೆ ನಗ (ಬ್ಯಾಗ್‌ಗಳ ಸಂಖ್ಯೆ) ಲೆಕ್ಕದ ಟಿಕೆಟ್‌ಗಳಲ್ಲಿ, ಅಂದರೆ ಅಮೆರಿಕದ ಕಡೆಯ ‘ಎರಡು ನಗ, ತಲಾ 23 ಕೆಜಿ’ ಥರದವುಗಳಲ್ಲಿ, ಈ ಹಂಚಿಕೆ ನಡೆಯುವುದಿಲ್ಲ. ಪ್ರತಿ ನಗವೂ ತನ್ನ ಮಿತಿಯಲ್ಲೇ ಇರಬೇಕು. ಮತ್ತು ಯಾವ ಟಿಕೆಟ್ ಇದ್ದರೂ ಒಂದೇ ಬ್ಯಾಗ್ 32 ಕೆಜಿ ದಾಟಬಾರದು. ಅದು ಎತ್ತುವ ಕಾರ್ಮಿಕರ ಬೆನ್ನಿನ ಸುರಕ್ಷತೆಗೆ ಹಾಕಿದ ಮಿತಿ, ದುಡ್ಡು ಕೊಟ್ಟರೂ ಒಪ್ಪುವುದಿಲ್ಲ.

ಕೇಶ್ವಾಪುರ, ಹುಬ್ಬಳ್ಳಿ

ಹಂಗಾರ ಬ್ಯಾಗ್ ಬದಲಿ ಮಾಡ್ತೀವ್ರಿ. ಬಟ್ಟಿ ಎಷ್ಟು ಹಿಡೀಬೇಕು? 14 ದಿನಕ್ಕ 14 ಜೊತಿ ಅಂತ ತಗದು ಇಟ್ಟಿದ್ವಿ.

ವಿದ್ಯಾನಗರ, ಹುಬ್ಬಳ್ಳಿ

14 ಜೊತೆ ಬೇಡ್ರಿ ಅಕ್ಕಾ. 6 ದಿನದ ಬಟ್ಟೆ ಒಯ್ದು ಎರಡು ಸಲ ಒಗೆಯೋದು. ಮೊದಲು ನಿಮ್ಮ ಹಡಗಿನಲ್ಲಿ ಒಗೆಯುವ ಕೋಣೆ ಇದೆಯಾ ನೋಡಿ, ಯಾಕಂದರೆ ಇದು ಕಂಪನಿಯಿಂದ ಕಂಪನಿಗೆ ಬೇರೆ. ಕ್ಯೂನಾರ್ಡ್ ಹಡಗುಗಳಲ್ಲಿ ಪ್ರಯಾಣಿಕರೇ ಒಗೆಯುವ ಕೋಣೆ ಇದೆ, ಉಚಿತ. ಪ್ರಿನ್ಸೆಸ್‌ನಲ್ಲಿ ಇದೆ, ದುಡ್ಡು ಕೊಡಬೇಕು. ಅಲ್ಲಿ ಇಸ್ತ್ರಿಯೂ ಇರುತ್ತದೆ. ರಾಯಲ್ ಕೆರಿಬಿಯನ್, ಸೆಲೆಬ್ರಿಟಿಯಲ್ಲಿ ಇಂಥ ಕೋಣೆ ಇಲ್ಲ; ಅಲ್ಲಿ ಸಿಬ್ಬಂದಿಗೆ ಕೊಡಬೇಕು. ಒಂದೊಂದು ಬಟ್ಟೆಗೆ ದರ ಹಚ್ಚಿದರೆ ದುಬಾರಿ. ಆದರೆ ಪ್ರವಾಸದ ನಡುವೆ ‘ಒಂದು ಚೀಲ ತುಂಬ ಬಟ್ಟೆಗೆ ಇಷ್ಟು’ ಅಂತ ಕೊಡುಗೆ ಬರುತ್ತದೆ, ಕ್ಯಾಬಿನ್‌ಗೆ ಚೀಟಿ ಹಾಕುತ್ತಾರೆ. ಆ ಚೀಟಿ ಬಂದ ದಿನವೇ ಒಳಉಡುಪು, ಟೀ ಶರ್ಟ್, ರಾತ್ರಿ ಬಟ್ಟೆ ತುಂಬಿ ಕೊಟ್ಟುಬಿಡಿ. ರೇಷ್ಮೆ, ಬಣ್ಣ ಬಿಡುವ ಹತ್ತಿ ಮಾತ್ರ ಆ ಚೀಲಕ್ಕೆ ಹಾಕಬೇಡಿ. ಎಲ್ಲವನ್ನೂ ಒಂದೇ ಯಂತ್ರದಲ್ಲಿ ಬಿಸಿ ಗಾಳಿಗೆ ಒಣಗಿಸುತ್ತಾರೆ.

ಉಳಿದದ್ದು ಬಚ್ಚಲಲ್ಲಿ ಕೈಯಿಂದ. ಬಟ್ಟೆ ಆರಿಸುವಾಗಲೇ ಒಣಗುವ ಲೆಕ್ಕ ಹಿಡಿಯಿರಿ: ಪಾಲಿಯೆಸ್ಟರ್, ನೈಲಾನ್ ಕಲಸಿದ ತೆಳು ಬಟ್ಟೆ ಎಸಿ ಕ್ಯಾಬಿನ್‌ನಲ್ಲಿ ಒಂದು ರಾತ್ರಿಗೆ ಒಣಗುತ್ತದೆ. ದಪ್ಪ ಹತ್ತಿಗೆ, ಖಾದಿ ಕುರ್ತಾಕ್ಕೆ ಎರಡು ದಿನ ಬೇಕು. ಜೀನ್ಸ್ ಮೂರು ದಿನವಾದರೂ ಸೊಂಟದ ಪಟ್ಟಿ ಹಸಿಯಾಗಿಯೇ ಇರುತ್ತದೆ, ಮೇಲಾಗಿ ಒಂದೊಂದು 600ರಿಂದ 800 ಗ್ರಾಂ. ಜೀನ್ಸ್ ಒಂದೇ, ಅದೂ ಮೈಮೇಲೆ. ಹಿಂಡಿದ ಬಟ್ಟೆಯನ್ನು ಒಣ ಟವೆಲ್‌ನಲ್ಲಿ ಸುತ್ತಿ ಕಾಲಿನಿಂದ ತುಳಿದು ಆಮೇಲೆ ಹರಡಿದರೆ ಒಣಗುವ ಸಮಯ ಅರ್ಧಕ್ಕೆ ಇಳಿಯುತ್ತದೆ. ಟವೆಲ್ ಹಡಗಿನವರೇ ಕೊಡುತ್ತಾರೆ, ಈಜುಕೊಳಕ್ಕೆ ಬೇರೆ ಟವೆಲ್ ಕೂಡ. ಮನೆಯಿಂದ ಒಂದನ್ನೂ ಒಯ್ಯಬೇಡಿ, ಒಂದು ದೊಡ್ಡ ಟವೆಲ್ ಅರ್ಧ ಕೆಜಿಗಿಂತ ಕಡಿಮೆ ಇರುವುದಿಲ್ಲ. ಕೂದಲು ಒಣಗಿಸುವ ಯಂತ್ರವೂ ಕ್ಯಾಬಿನ್‌ನಲ್ಲೇ ಇರುತ್ತದೆ.

ಹೆಣ್ಣುಮಕ್ಕಳ ಬ್ಯಾಗಿನ ಅಂದಾಜು ಲೆಕ್ಕ ಕೊಡುತ್ತೇನೆ. ಬ್ಯಾಗ್ 2.8 ಕೆಜಿ. ತೆಳು ಕುರ್ತಾ ಅಥವಾ ಟಾಪ್ 6, ತಲಾ 200 ಗ್ರಾಂ, 1.2. ಪ್ಯಾಂಟ್/ಲೆಗಿಂಗ್ 3, 750 ಗ್ರಾಂ. ಸೀರೆ ಎರಡು, ಒಂದು ಲಂಗ, ಎರಡು ಕುಪ್ಪಸ ಸೇರಿ 1.55. ತೆಳು ಫ್ಲೀಸ್ ಸ್ವೆಟರ್ 350, ಮಳೆ-ಗಾಳಿಗೆ ಜಾಕೆಟ್ 300. ಒಳಉಡುಪು 8 ಜೊತೆ 600. ರಾತ್ರಿ ಬಟ್ಟೆ 2 ಜೊತೆ 600. ಈಜುಡುಗೆ 300. ಚಪ್ಪಲಿ ಒಂದು ಜೊತೆ 500. ಸೋಪು, ಎಣ್ಣೆ, ಕ್ರೀಮು 800. ಬಟ್ಟೆ ಸೋಪು, ಹಗ್ಗ, ಕ್ಲಿಪ್ಪು 300. ಕೊಕ್ಕೆ ಇತ್ಯಾದಿ 200. ಕೂಡಿಸಿದರೆ 10.25 ಕೆಜಿ. ನಡೆಯುವ ಶೂ ಕಾಲಲ್ಲಿ. ಇನ್ನೂ ನಾಲ್ಕು ಕೆಜಿ ಕೈಯಲ್ಲಿದೆ, ಅದನ್ನು ತುಂಬಿಸಬೇಡಿ. ಬರುವಾಗ ಬೇಕಾಗುತ್ತದೆ, ಏಕೆಂದರೆ ಬೆಂಗಳೂರು–ಹುಬ್ಬಳ್ಳಿಗೂ ಅದೇ 15.

ಬೆಟಗೇರಿ, ಗದಗ

ಸೀರಿ ವಿಚಾರದಾಗ ಒಂದು ಮಾತು. ಫಾರ್ಮಲ್ ರಾತ್ರಿಗೆ ಗೌನ್ ಹೊಲಿಸೂದು ಬ್ಯಾಡ, ಕ್ಯೂನಾರ್ಡ್‌ನಂಥ ಕಟ್ಟುನಿಟ್ಟಿನವರೂ ರಾಷ್ಟ್ರೀಯ ಉಡುಪು ಒಪ್ಪತಾರ. ಆದ್ರ ಜರಿ ತುಂಬಿದ ದಪ್ಪ ರೇಷ್ಮಿ ಸೀರಿ ಒಂದ ಒಂದು ಕೆಜಿ ಸಮೀಪ ಹೋಗ್ತೈತಿ. ತೆಳು ರೇಷ್ಮಿ, ಇಲ್ಲಾ ಹತ್ತಿ-ರೇಷ್ಮಿ ಕೂಡಿದ ಇಳಕಲ್ ಆದ್ರ ಅರ್ಧ ಕೆಜಿ ಆಜುಬಾಜು. ಎರಡಕ್ಕೂ ಹೊಂದೂ ಒಂದ ಬಣ್ಣದ ಲಂಗ ಆರಿಸ್ರಿ. ಗುಳೇದಗುಡ್ಡ ಖಣದ ಕುಪ್ಪಸ ಒಂದಿದ್ರ ಎರಡೂ ಸೀರಿಗಿ ನಡೀತೈತಿ, ಮತ್ತೊಂದು 150 ಗ್ರಾಂ ಉಳೀತು.

ಮಡಚೂಮುಂದ ಸೀರಿ ನಡುವ ತೆಳು ಹಳೆ ಪಂಜೆ ಇಟ್ಟು ಸುರುಳಿ ಸುತ್ತರಿ, ಗೆರಿ ಬೀಳಂಗಿಲ್ಲ. ಹಡಗಿಗೆ ಇಸ್ತ್ರಿ ಒಯ್ಯಾಕ ಬಿಡಂಗಿಲ್ಲ. ಬಿಸಿನೀರು ಬಿಟ್ಟು ಬಚ್ಚಲ ಬಾಗಲ ಹಾಕಿ, ಹ್ಯಾಂಗರ್‌ನಾಗ 15 ನಿಮಿಷ ತೂಗಹಾಕಿದ್ರ ಹಗೂರ ಸುಕ್ಕು ಹೋಗ್ತೈತಿ. ರೇಷ್ಮಿಗೆ ನೀರ ಹನಿ ತಾಗದಂಗ ನೋಡ್ಕೋರಿ, ಕಲಿ ಉಳೀತೈತಿ.

ಗಂಡಸರಿಗೆ ಬಂದಗಲಾ ಕೋಟು ಒಂದು, ಬಿಳಿ ಶರ್ಟ್ ಎರಡು. ಕೋಟು 800 ಗ್ರಾಂದಿಂದ ಒಂದು ಕೆಜಿ ಇರ್ತೈತಿ, ವಿಮಾನದಾಗ ಮೈಮ್ಯಾಲ ಹಾಕ್ಕೊಂಡು ಹೋಗೂದ ಬರೋಬ್ಬರಿ. ಒಳಗ ಕುಂತ ಮ್ಯಾಲೆ ತಗದು ಮ್ಯಾಲೆ ಇಡ್ರಿ. ಶೂ ಎರಡು ಜೊತಿ ಸಾಕು: ಕರಿ ಬಣ್ಣದ ನಡಿಯೂ ಶೂ ಕಾಲಾಗ, ಚಪ್ಪಲಿ ಬ್ಯಾಗಿನಾಗ.

ಕೇಶ್ವಾಪುರ, ಹುಬ್ಬಳ್ಳಿ

ಮತ್ತ ರೊಟ್ಟಿ, ಹಿಂಡಿ ಕಥಿ?

ಹಾವೇರಿ

ಇಲ್ಲಿ ಸ್ಪಷ್ಟವಾಗಿ ಹೇಳಬೇಕು ಅಕ್ಕಾರ, ಯಾಕಂದ್ರೆ ತಡೆಯೋರು ನಾಲ್ಕು ಕಡೆ ಇರ್ತಾರೆ: ಹುಬ್ಬಳ್ಳಿ ತಪಾಸಣೆ, ದುಬೈ, ಸ್ಪೇನ್ ಕಸ್ಟಮ್ಸ್, ಹಡಗು.

ಹುಬ್ಬಳ್ಳಿಯಲ್ಲಿ: ಖಾರದ ಪುಡಿ, ಹಿಂಡಿ, ಉಪ್ಪಿನಕಾಯಿ ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್‌ನಲ್ಲಿ ಇಡಿ. ಬ್ಯಾಡಗಿ ಖಾರ ಆದ್ರೂ ಅಷ್ಟೇ. ಒಣಕೊಬ್ಬರಿ ಗಿಟಕು ಯಾವುದರಲ್ಲೂ ಬೇಡ. ಅದರ ಎಣ್ಣೆ ಬಿಸಿಗೆ ತಾನಾಗೇ ಹೊತ್ತಿಕೊಳ್ಳಬಲ್ಲದು ಅಂತ ಅಪಾಯದ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಕರ್ಪೂರ, ಬೆಂಕಿಪೆಟ್ಟಿಗೆಯನ್ನೂ ತೆಗೆದಿಡಿ. ಊದುಬತ್ತಿ, ದೀಪ ಹಡಗಿನ ಕ್ಯಾಬಿನ್‌ನಲ್ಲಿ ಹಚ್ಚುವ ಹಾಗಿಲ್ಲ, ಒಯ್ಯೋದು ಬರೀ ಭಾರ.

ದುಬೈ: ಗಸಗಸೆ ಅಲ್ಲಿ ನಿಷಿದ್ಧ. ಕಾಳಾಗಿ ಯಾರೂ ಒಯ್ಯೋದಿಲ್ಲ, ಆದ್ರೆ ನಮ್ಮ ಕಡೆ ಕರದಂಟಿಗೆ, ಅಂಟಿನ ಉಂಡಿಗೆ ಗಸಗಸೆ ಹಾಕ್ತಾರೆ. ದುಬೈ ಮೇಲೆ ಹೋಗೋರು ಕರದಂಟು ಕಟ್ಟಿಸಬೇಡಿ. ಸಿಂಗಾಪುರದಿಂದ ಕ್ರೂಸ್ ಹತ್ತೋರಿಗೂ ಇದೇ ಮಾತು. ಅಲ್ಲಿ ಜಗಿಯುವ ತಂಬಾಕು, ಇ-ಸಿಗರೇಟು ಕೂಡ ಸಲ್ಲದು.

ಸ್ಪೇನ್: ಐರೋಪ್ಯ ಒಕ್ಕೂಟದ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಪ್ರಯಾಣಿಕರ ಸಾಮಾನಿನಲ್ಲಿ ತರಬಾರದು ಅಂತ ನಿಯಮ. ತುಪ್ಪ, ಬೆಣ್ಣೆ, ಪನೀರ್ ಬಿಡಿ. ಧಾರವಾಡ ಪೇಡೆಯೂ ಪೂರ್ತಿ ಹಾಲಿನದೇ, ಅದನ್ನು ಅಧಿಕಾರಿಯ ತೀರ್ಮಾನಕ್ಕೆ ಒಪ್ಪಿಸೋದು ಬೇಡ.

ಕೊನೆಗೆ ಹಡಗು: ಮನೆಯಲ್ಲಿ ಮಾಡಿದ ತಿಂಡಿಗೆ ಹೆಚ್ಚಿನ ಕಂಪನಿಗಳಲ್ಲಿ ಪ್ರವೇಶ ಇಲ್ಲ. ಒಬ್ಬರಿಗೆ ಹೊಟ್ಟೆ ಕೆಟ್ಟರೆ ಮೂರು ಸಾವಿರ ಜನರಿಗೆ ಹರಡುತ್ತದೆ ಅನ್ನೋದು ಅವರ ಭಯ, ಅದು ನ್ಯಾಯವೇ. ಕಾರ್ಖಾನೆಯಲ್ಲಿ ಪ್ಯಾಕ್ ಆದ, ಒಡೆಯದ, ಮೇಲೆ ಇಂಗ್ಲಿಷ್‌ನಲ್ಲಿ ಪದಾರ್ಥಗಳ ಪಟ್ಟಿ ಇರುವ ಪೊಟ್ಟಣಕ್ಕೆ ಅವಕಾಶ ಸಿಗುತ್ತದೆ. ಹಾಗಾಗಿ ಅಂಗಡಿಯ ಸೀಲ್ ಮಾಡಿದ ಶೇಂಗಾ ಹಿಂಡಿ 200 ಗ್ರಾಂನ ಎರಡು ಪೊಟ್ಟಣ ಸಾಕು. ಕಟಕ ರೊಟ್ಟಿ ಬಾರ್ಸಿಲೋನಾ ಹೋಟೆಲಿನ ರಾತ್ರಿಗೆ ನಾಲ್ಕೈದು, ಅಲ್ಲೇ ಮುಗಿಸಿ. ಸಸ್ಯಾಹಾರ, ಬೇಕಾದರೆ ಜೈನ ಊಟ ಅಂತ ಟಿಕೆಟ್ ಜೊತೆಗೇ ಬರೆಸಿ; ಹಡಗು ಹೊರಡೋ ಒಂದು ತಿಂಗಳ ಮೊದಲೇ ತಿಳಿಸಿದ್ರೆ ಅಡುಗೆಯವರು ಸಾಮಾನು ತುಂಬಿಸಿಕೊಳ್ತಾರೆ.

ವಿದ್ಯಾನಗರ, ಹುಬ್ಬಳ್ಳಿ

ಎಣ್ಣೆ ಬಾಟಲಿ ಚೆಕ್-ಇನ್‌ನಲ್ಲಿ ಸೋರುತ್ತೆ ಅನ್ನೋರಿಗೆ: ಮುಕ್ಕಾಲು ಮಾತ್ರ ತುಂಬಿ, ಬಾಟಲಿ ಒತ್ತಿ ಸ್ವಲ್ಪ ಗಾಳಿ ತೆಗೆದು ಮುಚ್ಚಳ ಹಾಕಿ, ಮುಚ್ಚಳದ ಸುತ್ತ ಟೇಪ್, ಮೇಲೆ ಜಿಪ್ ಚೀಲ. ಮೇಲೆ ಹೋದಂತೆ ಹೊರಗಿನ ಒತ್ತಡ ಇಳಿದು ಒಳಗಿನ ಗಾಳಿ ಹಿಗ್ಗುತ್ತದೆ, ಅದಕ್ಕೇ ತುಂಬಿದ ಬಾಟಲಿ ಉಕ್ಕೋದು. ಕೈಚೀಲದಲ್ಲಾದರೆ ಒಂದೊಂದು 100 ಮಿ.ಲೀ. ಒಳಗೆ, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ.

ರಾಣೆಬೆನ್ನೂರು

ವಿದ್ಯುತ್ ಸಾಮಾನಿನ ಬಗ್ಗೆ ಯಾರೂ ಹೇಳಲಿಲ್ಲ. ಹಡಗಿನವರು ಹೆಚ್ಚು ಕಿತ್ತಿಡುವುದು ಇದನ್ನೇ: ಇಸ್ತ್ರಿ, ಕೆಟಲ್, ನೀರು ಕಾಯಿಸುವ ಕಾಯಿಲ್, ರೈಸ್ ಕುಕ್ಕರ್, ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಹಠಾತ್ ಏರಿದರೆ ತಡೆಯುವ ಭಾಗ) ಇರುವ ಎಕ್ಸ್‌ಟೆನ್ಷನ್ ಬೋರ್ಡ್.

ಸರ್ಜ್ ಬೋರ್ಡ್ ಯಾಕೆ ಬೇಡ ಅಂದರೆ, ಮನೆಯಲ್ಲಿ ಒಂದು ತಂತಿ ಫೇಸ್, ಇನ್ನೊಂದು ನ್ಯೂಟ್ರಲ್. ಅನೇಕ ಹಡಗುಗಳಲ್ಲಿ ಎರಡೂ ತಂತಿಯಲ್ಲಿ ವೋಲ್ಟೇಜ್ ಇರುತ್ತದೆ, ಯಾವುದನ್ನೂ ಹಡಗಿನ ಲೋಹದ ಮೈಗೆ ಜೋಡಿಸಿರುವುದಿಲ್ಲ. ಬೋರ್ಡಿನ ಸ್ವಿಚ್ ಒಂದೇ ತಂತಿ ಕಡಿಯುತ್ತದೆ, ಇನ್ನೊಂದು ಜೀವಂತವಾಗಿಯೇ ಉಳಿಯುತ್ತದೆ. ಹಡಗಿನಲ್ಲಿ ಬೇರೆಲ್ಲೋ ಅರ್ಥ್ ದೋಷ ಬಂದರೆ ಸರ್ಜ್ ತಡೆಯುವ ಬಿಡಿಭಾಗದ ಮೇಲೆ ಸಹಿಸುವುದಕ್ಕಿಂತ ಹೆಚ್ಚು ವೋಲ್ಟೇಜ್ ಬಿದ್ದು ಅದು ಕಾದು ಉರಿಯಬಹುದು. ನಡುಸಮುದ್ರದಲ್ಲಿ ಬೆಂಕಿಗಿಂತ ದೊಡ್ಡ ಗಂಡಾಂತರ ಇಲ್ಲ.

ಒಯ್ಯಬೇಕಾದದ್ದು: ನಾಲ್ಕು ಕಿಂಡಿಯ ಯುಎಸ್‌ಬಿ ಚಾರ್ಜರ್ ಒಂದು, ಸರ್ಜ್ ಇಲ್ಲದ ಪ್ಲಗ್ ಅಡಾಪ್ಟರ್ ಒಂದು. ಕ್ಯಾಬಿನ್‌ನಲ್ಲಿ ಸಾಮಾನ್ಯವಾಗಿ ಅಮೆರಿಕದ ಚಪ್ಪಟೆ ಪಿನ್‌ನ 110 ವೋಲ್ಟ್ ಮತ್ತು ಯುರೋಪಿನ ಗುಂಡು ಪಿನ್‌ನ 220 ವೋಲ್ಟ್ ಎರಡೂ ಇರುತ್ತವೆ. ನಮ್ಮ ಫೋನ್ ಚಾರ್ಜರಿನ ತೆಳು ಎರಡು ಪಿನ್ ಯುರೋಪಿನದಕ್ಕೆ ನೇರ ಕೂರುತ್ತದೆ, ಮೂರು ಪಿನ್‌ನದು ಕೂರುವುದಿಲ್ಲ. ಚಾರ್ಜರ್ ಮೇಲೆ 100–240 ವೋಲ್ಟ್ ಅಂತ ಇದೆಯೇ ಓದಿ ನೋಡಿ.

ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನದು 3.7 ವೋಲ್ಟ್ ಲೆಕ್ಕದಲ್ಲಿ 74 ಆಗುತ್ತದೆ, ನಡೆಯುತ್ತದೆ. ಮುದ್ರಿತ ಅಂಕಿ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ಇಟ್ಟುಕೊಳ್ಳುತ್ತಾರೆ. ಎಟಿಆರ್‌ನಂಥ ಸಣ್ಣ ವಿಮಾನ ಬಂದರೆ ಮೇಲಿನ ಗೂಡು ಕಿರಿದು, ಗಾಲಿಯ ಕೈಚೀಲವನ್ನು ಕೆಳಗೆ ಹಾಕಿಸಬೇಕಾಗಬಹುದು. ಆಗ ಪವರ್ ಬ್ಯಾಂಕ್, ಔಷಧ, ಒಡವೆ ತೆಗೆದು ಕೈಯಲ್ಲಿ ಹಿಡಿಯಬೇಕು. ಇವನ್ನೆಲ್ಲ ಒಂದೇ ಸಣ್ಣ ಬಟ್ಟೆ ಚೀಲದಲ್ಲಿ ಮೊದಲೇ ಹಾಕಿಟ್ಟರೆ ಬಾಗಿಲಲ್ಲಿ ನಿಂತು ಹುಡುಕುವುದು ತಪ್ಪುತ್ತದೆ.

ಇನ್ನೊಂದು, ಅಯಸ್ಕಾಂತದ ಕೊಕ್ಕೆ ನಾಲ್ಕು. ಬಹಳಷ್ಟು ಹಡಗುಗಳ ಕ್ಯಾಬಿನ್ ಗೋಡೆ ಉಕ್ಕಿನದು. ಒಂದೊಂದು 40–50 ಗ್ರಾಂ. ಟೋಪಿ, ಚೀಲ, ಒದ್ದೆ ಬಟ್ಟೆ ಎಲ್ಲಕ್ಕೂ ಆಗುತ್ತದೆ.

ಮುಂಡರಗಿ

ಸಿಪ್ಯಾಪ್ (ನಿದ್ದಿಯಾಗ ಉಸಿರಾಟಕ್ಕ ಗಾಳಿ ಒತ್ತಿ ಕೊಡೂ) ಯಂತ್ರ ಹಾಕ್ಕೊಂಡು ಮಲಗೋರು, ಇನ್ಸುಲಿನ್ ತಗೊಳೋರು ಹ್ಯಾಂಗ ಮಾಡಬೇಕ್ರಿ?

ಹಾವೇರಿ

ಸಿಪ್ಯಾಪ್ ವೈದ್ಯಕೀಯ ಸಾಧನ, ಹೆಚ್ಚಿನ ವಿಮಾನ ಕಂಪನಿಗಳು ಅದನ್ನು 7 ಕೆಜಿಯೊಳಗೆ ಎಣಿಸೋದಿಲ್ಲ. ವೈದ್ಯರ ಚೀಟಿ ಇಟ್ಟುಕೊಂಡು ಮೊದಲೇ ತಿಳಿಸಿ. ಚೆಕ್-ಇನ್‌ಗೆ ಹಾಕಬೇಡಿ, ಕಳೆದ್ರೆ ಸಮುದ್ರದಲ್ಲಿ ಬದಲಿ ಸಿಗೋದಿಲ್ಲ. ಡಿಸ್ಟಿಲ್ಡ್ ನೀರು ಮತ್ತು ಉದ್ದ ವೈರ್ ಬೇಕು ಅಂತ ಕ್ರೂಸ್ ಕಂಪನಿಗೆ ಕೆಲವು ವಾರ ಮುಂಚೆ ಬರೆದ್ರೆ ಅವರೇ ಕೊಡ್ತಾರೆ. ನೀರು ಹೊತ್ತು ಹೋಗೋ ಅಗತ್ಯ ಇಲ್ಲ.

ಇನ್ಸುಲಿನ್ ಯಾವಾಗಲೂ ಕೈಚೀಲದಲ್ಲಿ. ವಿಮಾನದ ಹೊಟ್ಟೆಯಲ್ಲಿ ತಣ್ಣಗಾಗಿ ಹೆಪ್ಪುಗಟ್ಟಿದ್ರೆ ಅದು ಕೆಟ್ಟ ಹಾಗೆ. ಕ್ಯಾಬಿನ್‌ನ ಪುಟ್ಟ ಫ್ರಿಜ್ ಕೆಲವು ಹಡಗಿನಲ್ಲಿ ಬರೀ ತಂಪು ಪೆಟ್ಟಿಗೆ, 8 ಡಿಗ್ರಿಗೆ ಇಳಿಯೋದಿಲ್ಲ. ಹತ್ತಿದ ದಿನವೇ ಕ್ಯಾಬಿನ್ ನೋಡಿಕೊಳ್ಳೋರಿಗೆ ಹೇಳಿ, ವೈದ್ಯಕೀಯ ಫ್ರಿಜ್ ಮತ್ತು ಸೂಜಿ ಹಾಕೋ ಡಬ್ಬಿ ತರಿಸಿಕೊಡ್ತಾರೆ.

ಮಾತ್ರೆಗಳ ರಟ್ಟಿನ ಪೆಟ್ಟಿಗೆ ಬಿಸಾಡಿ, ಆದ್ರೆ ಸ್ಟ್ರಿಪ್ ಕತ್ತರಿಸಬೇಡಿ. ಹೆಸರು, ಅವಧಿ ಕಾಣಬೇಕು. ಪ್ರವಾಸದ ದಿನಕ್ಕಿಂತ ಒಂದು ವಾರದ್ದು ಹೆಚ್ಚಿರಲಿ. ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆಸಿ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್ ದುಬೈನಲ್ಲಿ ನಿಯಂತ್ರಿತ, ಅನುಮತಿ ಇಲ್ಲದೆ ಒಯ್ಯಬೇಡಿ. ಸಮುದ್ರದ ಓಲಾಟಕ್ಕೆ ಅವೋಮಿನ್ ಅಥವಾ ಸ್ಟುಜೆರಾನ್ ಥರದ ಮಾತ್ರೆ, ನಿಮ್ಮ ವೈದ್ಯರನ್ನು ಕೇಳಿ. ವಾಂತಿ ಶುರುವಾದ ಮೇಲೆ ನುಂಗಿದ್ರೆ ಒಳಗೆ ನಿಲ್ಲೋದಿಲ್ಲ, ಹಡಗು ಹೊರಡೋ ಒಂದು-ಎರಡು ತಾಸು ಮೊದಲೇ ಬೇಕು.

ಸಪ್ತಾಪುರ, ಧಾರವಾಡ

ವಿದ್ಯಾನಗರದವರ ಬಟ್ಟೆ ಲೆಕ್ಕ ನೋಡಿದ ಮೇಲೆ, ಮೆಡಿಟರೇನಿಯನ್ ಕಡೆಗೆ 15 ಕೆಜಿ ಸಾಕು ಅಂತ ಒಪ್ಪುತ್ತೇನೆ. ಅಲಾಸ್ಕಾ, ನಾರ್ವೆ ಕಡೆ ಹೋಗುವವರಿಗೆ ರೈಲಿನ ಸಲಹೆ ಈಗಲೂ ಹಾಗೆಯೇ ಇದೆ. ಅಲ್ಲೂ ಒಂದೂವರೆ ಕೆಜಿಯ ದಪ್ಪ ಕೋಟಿನ ಬದಲು ಥರ್ಮಲ್ 200, ಫ್ಲೀಸ್ 400, ಗಾಳಿ ತಡೆಯುವ ಜಾಕೆಟ್ 350 ಗ್ರಾಂ ಅಂತ ಪದರ ಮಾಡಿದರೆ ಬೆಚ್ಚಗೂ ಇರುತ್ತದೆ, ಬೇಗ ಒಣಗುತ್ತದೆ.

ಅಕ್ಕಾರ, ಹಡಗು ಹತ್ತುವ ದಿನದ ಕೈಚೀಲವನ್ನು ಬೇರೆಯಾಗಿ ಯೋಚಿಸಿ. ಬಂದರದಲ್ಲಿ ದೊಡ್ಡ ಬ್ಯಾಗ್ ಕೂಲಿಯವರಿಗೆ ಕೊಟ್ಟರೆ ಅದು ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆ. ಅಷ್ಟರ ತನಕ ಪಾಸ್‌ಪೋರ್ಟ್, ಔಷಧ, ಒಡವೆ, ಚಾರ್ಜರ್, ಈಜುಡುಗೆ, ಒಂದು ಜೊತೆ ಬಟ್ಟೆ ಕೈಯಲ್ಲೇ ಇರಬೇಕು. ಹಡಗಿನ ಲಗೇಜ್ ಚೀಟಿಯನ್ನು ವಿಮಾನ ಇಳಿದ ಮೇಲೆ ಕಟ್ಟಿ. ಮೊದಲೇ ಕಟ್ಟಿದರೆ ವಿಮಾನದ ಬೆಲ್ಟ್‌ನಲ್ಲಿ ಹರಿದುಹೋಗುತ್ತದೆ.

ಕೇಶ್ವಾಪುರ, ಹುಬ್ಬಳ್ಳಿ

ಭಾಳ ಉಪಕಾರ ಆತ್ರಿ ಎಲ್ಲಾರದೂ. ಇಳಿಯೂ ದಿನ ಬ್ಯಾಗ್ ನಾವ ಹೊತ್ಕೊಂಡು ಇಳೀಬೇಕೋ, ಅವರ ಇಳಸ್ತಾರೋ?

ಸಪ್ತಾಪುರ, ಧಾರವಾಡ

ಎರಡೂ ಆಗುತ್ತದೆ. ಅವರು ಇಳಿಸಬೇಕೆಂದರೆ ಕೊನೆಯ ರಾತ್ರಿ ಬಣ್ಣದ ಚೀಟಿ ಕಟ್ಟಿ, ಹೇಳಿದ ಹೊತ್ತಿಗೆ, ಸಾಮಾನ್ಯವಾಗಿ ರಾತ್ರಿ 11ರೊಳಗೆ, ಬಾಗಿಲ ಹೊರಗೆ ಇಡಬೇಕು. ಮರುದಿನ ಉಡುವ ಬಟ್ಟೆ, ಶೂ, ಔಷಧ, ಪಾಸ್‌ಪೋರ್ಟ್ ಮೊದಲು ತೆಗೆದಿಡಿ, ಹೊರಗೆ ಇಟ್ಟ ಬ್ಯಾಗ್ ಬೆಳಿಗ್ಗೆ ಬಂದರದಲ್ಲಿ ಮಾತ್ರ ಸಿಗುತ್ತದೆ. ಅಂದೇ ವಿಮಾನ ಇದ್ದರೆ, 14 ಕೆಜಿಯ ಬ್ಯಾಗನ್ನು ಸ್ವತಃ ಎಳೆದುಕೊಂಡು ಮೊದಲ ಗುಂಪಿನಲ್ಲೇ ಇಳಿಯಬಹುದು. ಹೊರಗೆ ಇಡುವ ಮುಂಚೆ ಕೊಕ್ಕೆ ತಕ್ಕಡಿಯಿಂದ ಒಮ್ಮೆ ತೂಗಿ. 15 ದಾಟಿದ್ದರೆ ಚಾಕಲೇಟು, ಪುಸ್ತಕ ಕೈಚೀಲಕ್ಕೆ ವರ್ಗಾಯಿಸಲು ಆಗ ಸಮಯ ಇರುತ್ತದೆ.